ಫ್ರಾಂಕ್‌ಫರ್ಟ್‌ನಿಂದ ಲಿಸ್ಬನ್ನಿಗೆ

ಎಂಟು ದಿನ ಮಾತು ಬಿಟ್ಟಿದ್ದ ರಾಧಿಕಾ ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ಜಗಳ, ತುಟಿಯಲ್ಲಿ ನಗು.

"ಬಂದ್ರೇನು ಸಾಹೇಬ್ರು? ಕುಂದ್ರಿ."

ಸಿಟ್ಟಿದ್ದಾಗ ಮಾತ್ರ ಅವಳು ನನಗೆ 'ರಿ' ಹಚ್ಚುತ್ತಾಳೆ.

ಕುಳಿತೆ. ಮುಂಜಾನೆ ಏಜೆಂಟನ ಫೋನ್ ಬಂದಾಗಿನಿಂದ ಮೈ ಜೋಮು ಹಿಡಿದಂತಿತ್ತು. ನನ್ನ ಪೋರ್ಚುಗಲ್ ವೀಸಾ ಆಗಲಿಲ್ಲವಂತೆ. ಬಾಯಿ ತುಂಬ ಬೈಯಬೇಕಿತ್ತು. "ಹೂಂ" ಎಂದು ಫೋನಿಟ್ಟಿದ್ದೆ.

ಅವಳು ಚಿತ್ತಾಪುರದ ಆಸ್ಪತ್ರೆಯೊಂದರಲ್ಲಿ ನರ್ಸ್. ನಾನು ಮನೆಗಳಿಗೆ ಫರ್ಸಿಕಲ್ಲು ಹಾಸುವವನು. ಅವಳಿಗೆ ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ ಸಿಕ್ಕಿತು; ಇವತ್ತು ಹೈದರಾಬಾದಿಗೆ ಹೋಗಿ ವಿಮಾನ ಹತ್ತುವವಳಿದ್ದಳು. ನಾನೂ ಹಟ ಹಿಡಿದು ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಕಲ್ಲಿನ ಕೆಲಸ ಹುಡುಕಿದೆ. ರಜೆ ಸಿಕ್ಕಾಗ ಭೇಟಿ, ವರ್ಷದೊಳಗೆ ಮದುವೆ ಎಂದು ಮಾತಾಗಿತ್ತು.

ಜಗಳ ಆ ಎರಡು ಊರುಗಳ ದೂರದ್ದೇ. ಅವಳು ಫ್ರಾಂಕ್‌ಫರ್ಟ್‌ನ ಕಡೆಯಿಂದ ವಿಮಾನದ ವೇಳೆ ನೋಡಿದಳು. ಹತ್ತಕ್ಕೆ ಬಿಟ್ಟು ಹನ್ನೆರಡಕ್ಕೆ ಇಳಿಯುತ್ತದೆ, ಎರಡೇ ತಾಸು ಎಂದಳು. ನಾನು ಲಿಸ್ಬನ್ನಿನ ಕಡೆಯಿಂದ ನೋಡಿದೆ. ಹತ್ತಕ್ಕೆ ಬಿಟ್ಟರೆ ಇಳಿಯುವುದು ಎರಡಕ್ಕೆ. ನಾಲ್ಕು ತಾಸು! ಸುಳ್ಳಿ ಎಂದು ಕೂಗಾಡಿದೆ. ಬರುವ ಮನಸ್ಸಿಲ್ಲದ್ದಕ್ಕೇ ದೂರ ಹೆಚ್ಚು ಮಾಡುತ್ತಿದ್ದೀ ಎಂದು ಅವಳು ಫೋನ್ ಕಟ್ ಮಾಡಿದಳು.

ಈಗ ಮೊಬೈಲು ನನ್ನ ಮೂಗಿನ ಮುಂದೆ ಹಿಡಿದಳು. ಅದರಲ್ಲಿ ಎರಡು ಗಡಿಯಾರ.

"ನೋಡು ನಾಮದೇವ, ಇಬ್ರೂ ಹುಚ್ಚರೇ. ಲಿಸ್ಬನ್ ಗಡಿಯಾರ ಫ್ರಾಂಕ್‌ಫರ್ಟಿಗಿಂತ ಒಂದು ತಾಸು ಹಿಂದ ಅದ. ಖರೇ ಅಂದ್ರ ಮೂರು ತಾಸು. ಹೋಗಾಕೂ ಅಷ್ಟೇ, ಬರಾಕೂ ಅಷ್ಟೇ."

"ಹಾಂ."

"ಬೈಯಂಗಿಲ್ಲೇನು? ನಾ ಹೇಳಿದ್ದೂ ತಪ್ಪಾತಲ್ಲ!"

ಅವಳ ಮೊಣಕೈ ನನ್ನ ಮೊಣಕೈಗೆ ತಾಗಿತು. ಬೇರೆ ದಿನವಾಗಿದ್ದರೆ ಸ್ಟೇಷನ್ನೇ ಮರೆತುಹೋಗುತ್ತಿತ್ತು. ಇವತ್ತು ಬರೀ ಬಟ್ಟೆ ತಾಗಿದಂತಾಯಿತು.

"ರಾಧಿ, ನನ್ನ ವೀಸಾ ಆಗ್ಲಿಲ್ಲ."

ಅವಳ ನಗು ನಿಂತಿತು. "ಯಾವಾಗ ಗೊತ್ತಾತು?"

"ಮುಂಜಾನಿ."

"ಮತ್ತ ಇಷ್ಟೊತ್ತು ನನಗ ಲೆಕ್ಕ ಹೇಳಾಕ ಬಿಟ್ಟಿಯಲ್ಲ?"

"ನೀ ಭಾಳ ಖುಷೀಲೆ ಹೇಳಾಕತ್ತಿದ್ದಿ."

ಹೈದರಾಬಾದಿನ ಗಾಡಿ ಬಂತು. ಅವಳ ಸೂಟ್‌ಕೇಸ್ ಎತ್ತಿ ಬೋಗಿಯೊಳಗಿಟ್ಟೆ. ಕಲ್ಲು ಎತ್ತಿ ರೂಢಿಯಾದ ಕೈ. ಭಾರ ತಿಳಿಯಲಿಲ್ಲ.

"ನನ್ನ ಸಲುವಾಗಿ ಕಾಯಬ್ಯಾಡ," ಎಂದೆ. "ಅಲ್ಲಿ ಯಾರರೆ ಛಲೋ ಮನುಷ್ಯಾ..."

"ಬಾಯಿ ಮುಚ್ಚು! ಎರಡು ತಾಸು ಹೆಚ್ಚಾದದ್ದಕ್ಕ ಎಂಟು ದಿನ ಜಗಳಾಡಿದಿ. ಈಗ ಜಗಳನೇ ಇಲ್ದಂಗ ನನ್ನ ಬಿಟ್ಟುಕೊಡ್ತಿಯೇನು?"

ಬಾಗಿಲಲ್ಲಿ ನಿಂತೇ ಮೊಬೈಲಿನ ಲಿಸ್ಬನ್ ಗಡಿಯಾರ ಅಳಿಸಿದಳು. ಏನೋ ಬರೆದಳು, ಮತ್ತೆ ಬರೆದಳು, ಹುಬ್ಬು ಗಂಟಿಕ್ಕಿದಳು.

"ವಾಡಿ ಅಂತ ಹೊಡದ್ರ ಬರವಲ್ದು. ನಮ್ಮ ಟೈಮಿಗಿ ಕೋಲ್ಕತಾ ಅಂತ ತೋರಸಾಕತ್ತದ."

"ಮತ್ತ?"

"ಇರಲಿ. ನಾ ಅದನ್ನ ವಾಡಿ ಅಂತ ಓದ್ಕೋತೀನಿ."

ಗಾಡಿ ಕದಲಿತು. ಅವಳು ಕೈ ಬೀಸಲಿಲ್ಲ, ನೋಡುತ್ತಲೇ ಹೋದಳು.

ಮೊಣಕೈ ಯಾಕೋ ಬೆಚ್ಚಗಾಗಿತ್ತು. ಏಜೆಂಟನಿಗೆ ಫೋನ್ ಹಚ್ಚಿ, ಮುಂಜಾನೆ ಬೈಯದೆ ಬಿಟ್ಟಿದ್ದನ್ನೆಲ್ಲ ಬೈದೆ. ಪ್ಲಾಟ್‌ಫಾರಮ್ಮಿನ ಮಂದಿಯೆಲ್ಲ ತಿರುಗಿ ನೋಡಿದರು.

"ಮತ್ತ ಅರ್ಜಿ ಹಾಕು," ಎಂದು ಕೂಗಿದೆ. "ಲಿಸ್ಬನ್ ಬ್ಯಾಡ. ಈ ಸಲ ಫ್ರಾಂಕ್‌ಫರ್ಟಿಗೇ ಹಾಕು!"