ಅಡಿಕೆ ತಕ್ಕಡಿಯಲ್ಲಿ ಲಂಡನ್ ಪ್ರಯಾಣಿಕ

ಅಡಿಕೆಗೆ ಹೋದ ಮಾನ ವಿಮಾನ ಕೊಟ್ಟರೂ ಬಾರದು! ಗಾದೆ ಸುಳ್ಳಿರಬಹುದು, ಕಥೆ ಮಾತ್ರ ಬೆಳ್ತಂಗಡಿಯಷ್ಟೇ ಸತ್ಯ.

೨೦೦೮ರ ಒಂದು ಸೋಮವಾರ. ಬಸ್‌ಸ್ಟ್ಯಾಂಡಿನ ಎದುರಿನ ಟ್ರಾವೆಲ್ಸಿನಲ್ಲಿ ಟಿಕೆಟ್ ಮಾಡುತ್ತಿದ್ದ ಸಜ್ನಾ ತಲೆ ಎತ್ತಿದಳು.

ಮುಝಮ್ಮಿಲ್!

ಕಾಲೇಜಿನಲ್ಲಿ ಅವಳ ಮಿಮಿಕ್ರಿಗೆ ಮೊದಲ ಚಪ್ಪಾಳೆ ತಟ್ಟುತ್ತಿದ್ದವನು. ಲಂಡನ್ನಿನ ಹೋಟೆಲಿಗೆ ಅಡುಗೆ ಕೆಲಸಕ್ಕೆ ಹೊರಟಾಗ, ಊರಿಗೆ ಬರುವವರ ಕೈಯಲ್ಲಿ ಉಂಗುರ ಕಳಿಸುತ್ತೇನೆ ಎಂದಿದ್ದವನು. ಎರಡು ವರ್ಷದ ಹಿಂದೆ ಅವನ ರೂಮಿನ ಶೇಖರ ಊರಿಗೆ ಬಂದ... ಬರಿಗೈಯಲ್ಲಿ. ಆ ಉಂಗುರಕ್ಕಾಗಿ ಮೂರು ಸಂಬಂಧ ಬಿಟ್ಟಿದ್ದ ಸಜ್ನಾ ನೆಂಟರ ನಗುವನ್ನೆಲ್ಲ ನುಂಗಿದ್ದಳು.

"ಲಂಡನ್ನಿಗೆ ಟಿಕೆಟ್ ಉಂಟಾ?"

ಅಗ್ಗದ ವಿಮಾನ ಕಂಪನಿಯೊಂದು ದೊಡ್ಡ ಕಂಪನಿಯ ಜೊತೆ ವಿಲೀನವಾಗಿ, ಆಗಷ್ಟೇ ಬೆಂಗಳೂರಿನಿಂದ ಲಂಡನ್ನಿಗೆ ಹಾರತೊಡಗಿತ್ತು. ಊಟವಿಲ್ಲ, ಹೊದಿಕೆಯಿಲ್ಲ, ಕಾಲು ಚಾಚಲು ಜಾಗವಿಲ್ಲ. ಸಜ್ನಾ ಅವನ ಮುಖವನ್ನೇ ನೋಡದೆ, ಟಾಯ್ಲೆಟ್ ಪಕ್ಕದ ನಡು ಸೀಟು ಕೊಟ್ಟಳು. ಹತ್ತು ಗಂಟೆ ಕೂರಲಿ!

ಸೇಡು ಅಷ್ಟಕ್ಕೆ ತಣಿಯಲಿಲ್ಲ. ಮರುದಿನ ಅವನಿಗೊಂದು ಫೋನು ಹೋಯಿತು, ಬೆಂಗಳೂರಿನ ಕಂಪನಿ ಮೇಡಂನ ಮೂಗುದನಿಯಲ್ಲಿ.

"ಸರ್, ವಿಲೀನ ಆದ್ಮೇಲೆ ಹೊಸ ರೂಲ್ಸು. ದೂರದ ಫ್ಲೈಟು, ಕಮ್ಮಿ ರೇಟು ನೋಡಿ... ನೀವೂ ಲಗೇಜೂ ಸೇರಿ ತೊಂಬತ್ತೇ ಕಿಲೋ. ಊರಲ್ಲೇ ತೂಗಿಸಿ ಏಜೆಂಟಿಗೆ ಚೀಟಿ ಕೊಡಿ."

ಗುರುವಾರ ಬೆಳಿಗ್ಗೆ, ಟ್ರಾವೆಲ್ಸಿನ ಪಕ್ಕದಲ್ಲೇ ಇದ್ದ ಮೊಯಿದಿನಬ್ಬ ಕಾಕನ ಅಡಿಕೆ ಅಂಗಡಿ. ಮೂಟೆ ತೂಗುವ ತಕ್ಕಡಿಯ ಮೇಲೆ, ಹಗ್ಗ ಬಿಗಿದ ಪೆಟ್ಟಿಗೆ ತಬ್ಬಿಕೊಂಡು ಮುಝಮ್ಮಿಲ್ ನಿಂತ. ಬಸ್‌ಸ್ಟ್ಯಾಂಡಿಗೆ ಬಸ್ಸಿನ ನೆನಪೇ ಹೋಯಿತು.

ತೊಂಬತ್ತೇಳು ಕಿಲೋ!

ಲಂಡನ್ನಿನಲ್ಲಿರುವ ತಮ್ಮ ಮಕ್ಕಳಿಗೆಂದು ನೆರೆಕರೆಯವರು ಹೊರಿಸಿದ್ದ ಉಪ್ಪಿನಕಾಯಿ ಇಳಿಯಿತು. ಒಣಮೀನು ಇಳಿಯಿತು. ಹಪ್ಪಳ, ಬೂಟು, ಬೆಲ್ಟು... ಬಾಗಿಲಲ್ಲಿ ನಿಂತ ಸಜ್ನಾಳಿಗೆ ಸ್ವರ್ಗ ಸುಖ.

"ಇನ್ನು ಹಲ್ಲು ಕೀಳ್ಬೇಕಷ್ಟೆ ಮಾರಾಯ. ಕೈಯಲ್ಲಿರುವ ಆ ಸಣ್ಣ ಪೊಟ್ಟಣ ಕೂಡ ಇಳಿಸು," ಎಂದರು ಕಾಕ.

"ಇದನ್ನು ಇಳಿಸುವುದಿಲ್ಲ ಕಾಕ. ಒಮ್ಮೆ ಇಳಿಸಿಯೇ ಕೆಟ್ಟದ್ದು."

ಪೊಟ್ಟಣದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ಅವಳದೇ ಹೆಸರು. ಸಜ್ನಾಳ ನಗು ಅಲ್ಲೇ ನಿಂತಿತು.

ಮುಝಮ್ಮಿಲ್ ಬರಿಗಾಲಲ್ಲಿ ಅವಳ ಹತ್ತಿರ ಬಂದ. ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ. ಲಗೇಜು ಜಾಸ್ತಿಯಾಯಿತೆಂದು ಶೇಖರ ಲಂಡನ್ ವಿಮಾನ ನಿಲ್ದಾಣದಲ್ಲೇ ಪೊಟ್ಟಣವನ್ನು ಯಾರದೋ ಕೈಗಿತ್ತು, ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದ. ಅದು ವಾಪಸು ಸಿಕ್ಕಿದ್ದು ಹೋದ ತಿಂಗಳು.

"ಉಂಗುರದ ಜೊತೆ ಕಾಗದ ಇಟ್ಟಿದ್ದೆ. ಒಪ್ಪಿಗೆ ಆದ್ರೆ ಫೋನ್ ಮಾಡು ಅಂತ. ನೀನು ಮಾಡ್ಲಿಲ್ಲ, ಬೇಡವೇನೋ ಅಂತ ಸುಮ್ಮನಾದೆ. ಮೊನ್ನೆ ಕೊಡುವ ಅಂತಲೇ ಬಂದದ್ದು... ನೀನು ನನ್ನ ಮುಖವೇ ನೋಡಲಿಲ್ಲ."

ಅವಳ ಕಣ್ಣು ತುಂಬಿತು. "ತೂಗಲಿಕ್ಕೆ ಹೇಳಿದ ಆ ಫೋನು..."

"ನಿನ್ನದೇ ಅಂತ ಗೊತ್ತಿತ್ತು."

"ಮತ್ತೆ ಯಾಕೆ ತಕ್ಕಡಿ ಹತ್ತಿದ್ರಿ?"

"ಎರಡು ವರ್ಷಕ್ಕೆ ನೀನು ಮಾಡಿದ ಮೊದಲ ಫೋನ್ ಅದು. ಹೇಳಿದ್ದು ಕೇಳದೆ ಇರ್ಲಿಕ್ಕೆ ಆಗ್ತದಾ?"

ಸಜ್ನಾ ಉಂಗುರ ತೊಟ್ಟಳು. ಅದೇ ಕೈಯಲ್ಲಿ ಕಣ್ಣೊರಸಿ, ಮೂಗುದನಿ ತೆಗೆದಳು.

"ಸರ್... ಟಾಯ್ಲೆಟ್ ಪಕ್ಕದ ಸೀಟು ಕೊಟ್ಟಿದ್ದೂ ನಾವೇ."

ಬೆಳ್ತಂಗಡಿ ಬಸ್‌ಸ್ಟ್ಯಾಂಡಿಗೆ ಬಸ್‌ಸ್ಟ್ಯಾಂಡೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು, ಬೆಲ್ಟಿಲ್ಲದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದ ಮುಝಮ್ಮಿಲ್.