ಅರ್ಧ ಊಟಕ್ಕೆ ಎತ್ತಿದ ತಟ್ಟೆ

"ಬ್ಯಾಗಿಗೆ ಹಾಕ್ಕೊಂಡಿದ್ದು ನಮ್ಮಮ್ಮ ಮಾಡಿದ ಮಾಂಸದ ಸುರುಳಿ ಅಲ್ವಾ?"

ಬೆನ್ನ ಹಿಂದಿನಿಂದ ಬಂದ ಗಂಡುದನಿಗೆ ಜೊವೆಲಿನ್‌ಳ ಜೀವ ಬಾಯಿಗೆ ಬಂತು.

ಗ್ವಾಗ್ವಾ ಊರಿನ ಚರ್ಚಿನ ಪಕ್ಕದ ಹಾಲ್‌ನಲ್ಲಿ ಅವಳ ಗೆಳತಿಯ ಮದುವೆ ಊಟ ನಡೆಯುತ್ತಿತ್ತು. ಟಿಶ್ಯೂ ಕಾಗದದಲ್ಲಿ ಸುತ್ತಿದ ತುಂಡು ಆಗಲೇ ಅವಳ ಕೈಚೀಲದೊಳಗೆ ಇಳಿದಿತ್ತು. ತಿರುಗಿ ನೋಡಿದರೆ ಉದ್ದನೆಯ ಯುವಕನೊಬ್ಬ ಕೈಕಟ್ಟಿ ನಿಂತಿದ್ದ. ತುಟಿಯ ಅಂಚಿನಲ್ಲಿ ನಗು ಬೇರೆ.

"ನಾಯಿಗೆ..." ಎಂದಳು. ಆ ಹೊತ್ತಿಗೆ ತೋಚಿದ್ದು ಅದೊಂದೇ.

"ಯಾವ ನಾಯಿ?"

"ನಮ್ಮನೆ ನಾಯಿ."

"ಹೆಸರು?"

"ಬ್ರೌನಿ."

"ಪುಣ್ಯವಂತ ನಾಯಿ ಬಿಡಿ. ನಮ್ಮಮ್ಮ ಇಮಾ ಪಾಸಿತಾ ಮಾಡಿದ ಸುರುಳಿ ಈ ಊರಲ್ಲಿ ಮನುಷ್ಯರಿಗೇ ಸಾಲಲ್ಲ."

ಅವನು ಒಳಗೆ ಹೋಗಿ ಡಬ್ಬಿ ತುಂಬ ಮಾಂಸ ತುಂಬಿಕೊಂಡು ಬಂದು ಅವಳ ಕೈಗಿಟ್ಟ. ಹೆಸರು ರೋಡೆಲ್, ಪಕ್ಕದ ಬೆತಿಸ್‌ನಲ್ಲಿ ಮರ ಕೆತ್ತುವ ಕೆಲಸ ಎಂದು ಹೇಳಿಕೊಂಡ. ನಾಯಿಯನ್ನು ಒಂದು ಸಲ ನೋಡಬೇಕು ಎಂದೂ ಸೇರಿಸಿದ.

ಅಯ್ಯೋ, ಎಲ್ಲಿಂದ ತರಲಿ ನಾಯಿಯನ್ನು? ಜೊವೆಲಿನ್‌ಳ ಮನೆಯಲ್ಲಿ ಇದ್ದದ್ದು ಅವಳು, ಅವಳ ಅಕ್ಕ, ಒಂದು ಹಳೆಯ ಫ್ರಿಜ್ಜು, ಅಷ್ಟೇ.

ನಿಜ ಹೇಳಿಬಿಡುತ್ತೇನೆ, ನನ್ನಲ್ಲಿ ಗುಟ್ಟು ನಿಲ್ಲುವುದಿಲ್ಲ. ಹದಿನಾಲ್ಕು ತಿಂಗಳ ಹಿಂದೆ ಜೊವೆಲಿನ್ ನೂರ ಇಪ್ಪತ್ತೊಂದು ಕಿಲೋ ತೂಗುತ್ತಿದ್ದಳು. ಮನಿಲಾಕ್ಕೆ ಹೋಗಿ ಆಪರೇಷನ್ ಮಾಡಿಸಿಕೊಂಡಳು. ತೂಕ ಇಳಿಯಲೆಂದು ಡಾಕ್ಟರು ಅವಳ ಹೊಟ್ಟೆಯೊಳಗಿನ ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದಿದ್ದರು. ಕನ್ನಡಕದ ಅಂಗಡಿಯಲ್ಲಿ ಜೊತೆಗೆ ದುಡಿಯುವವರಿಗೆ ಪಿತ್ತಕೋಶದ ಕಲ್ಲು ಎಂದು ಹೇಳಿದ್ದಾಯಿತು. ನಿಜ ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ.

ಯಾಕೆ ಮುಚ್ಚಿಟ್ಟಳು? ನಮ್ಮ ಜನ ದಪ್ಪಗಿದ್ದರೆ "ಹಂದಿಮರಿ" ಅನ್ನುತ್ತಾರೆ, ಸಣ್ಣಗಾದರೆ "ಹೇಗೆ ಆದೆ" ಅನ್ನುತ್ತಾರೆ, ಆಪರೇಷನ್ ಅಂದರೆ "ಅಷ್ಟೇನಾ, ಬಾಯಿ ಕಟ್ಟೋಕೆ ಆಗಲಿಲ್ವಾ" ಅನ್ನುತ್ತಾರೆ. ಮೊದಲ ಎರಡನ್ನು ಅವಳು ಸಹಿಸಿದ್ದಳು. ಮೂರನೆಯದನ್ನು ಕೇಳುವ ಶಕ್ತಿ ಇರಲಿಲ್ಲ.

ಈಗ ಅವಳ ಊಟ ಒಂದು ಪುಟ್ಟ ಬಟ್ಟಲಿನಷ್ಟು. ಮೊದಲು ಮಾಂಸ ಅಥವಾ ಮೀನು, ಒಂದೊಂದು ತುತ್ತನ್ನೂ ಇಪ್ಪತ್ತೈದು ಸಲ ಅಗಿಯಬೇಕು, ನಡುವೆ ನೀರು ಕುಡಿಯುವಂತಿಲ್ಲ. ಒಂದು ತುತ್ತು ಹೆಚ್ಚಾಯಿತೋ, ಮೊದಲು ಬಿಕ್ಕಳಿಕೆ, ಆಮೇಲೆ ಎದೆಯೊಳಗೆ ಕಲ್ಲು ಸಿಕ್ಕಿಕೊಂಡ ಹಾಗೆ ನೋವು.

ಆದರೆ ನಮ್ಮೂರಲ್ಲಿ ಊಟ ತಪ್ಪಿಸಿಕೊಳ್ಳಲು ಆಗುತ್ತದೆಯೇ? ನಾಮಕರಣಕ್ಕೆ ಊಟ, ಶವಸಂಸ್ಕಾರಕ್ಕೆ ಊಟ, ಪಕ್ಕದ ಮನೆಯವರು ಹೊಸ ಫ್ಯಾನು ತಂದರೂ ಊಟ. ಹಾಗಾಗಿ ಜೊವೆಲಿನ್ ಉಪಾಯಗಳನ್ನು ಕಲಿತಳು. ಹೆಚ್ಚು ತಿನ್ನುವ ಮಾವಂದಿರ ಪಕ್ಕ ಕೂರುವಳು. ಕುಡಿಯದಿದ್ದರೂ ಕೈಯಲ್ಲಿ ಲೋಟ ಹಿಡಿದೇ ಇರುವಳು. ಬಡಿಸಲು ಬಂದವರಿಗೆ ಅವರ ಮೊಮ್ಮಕ್ಕಳ ವಿಷಯ ಕೇಳುವಳು. ಮೊಮ್ಮಕ್ಕಳ ಮಾತು ಬಂದರೆ ಸೌಟು ಅಲ್ಲೇ ನಿಲ್ಲುತ್ತದೆ. ಇಷ್ಟಾದರೂ ತಟ್ಟೆಯಲ್ಲಿ ಉಳಿದರೆ ಟಿಶ್ಯೂ, ಕೈಚೀಲ.

ಅಂಥವಳು ಊರಿಗೇ ಅಡುಗೆ ಮಾಡುವ ಇಮಾ ಪಾಸಿತಾಳ ಮಗನನ್ನು ಪ್ರೀತಿಸಿಬಿಟ್ಟಳು. ಇಮಾ ಎಂದರೆ ನಮ್ಮಲ್ಲಿ ಅಮ್ಮ. ಮೂವತ್ತೈದು ವರ್ಷ ಮದುವೆಮನೆಗಳಿಗೆ ಬೇಯಿಸಿ, ಆಕೆ ಊರಿಗೆಲ್ಲ ಇಮಾ ಆಗಿದ್ದಳು.

ಎಂಟು ತಿಂಗಳು ರೋಡೆಲ್ ಅವಳ ಹಿಂದೆ ಸುತ್ತಿದ. ನಾಯಿಗೆಂದು ಮೂಳೆ ತಂದುಕೊಟ್ಟ. ಅವಳು ಅದನ್ನು ಬೀದಿನಾಯಿಗಳಿಗೆ ಹಾಕಿದಳು. ನಾಯಿ ನೋಡಬೇಕು ಎಂದಾಗಲೆಲ್ಲ ಅದು ಕಚ್ಚುತ್ತದೆ ಎಂದು ತಡೆದಳು. ಎಲ್ಲ ಸರಿ, ಊಟಕ್ಕೆ ಕರೆದಾಗ ಮಾತ್ರ ಒಂದೇ ಉತ್ತರ.

"ಈಗಷ್ಟೇ ತಿಂದೆ ಕಣೋ."

"ಯಾವಾಗ್ ಕೇಳಿದ್ರೂ ಈಗಷ್ಟೇ ತಿಂದಿರ್ತೀಯಲ್ಲ. ನನ್ನ ಜೊತೆ ತಿನ್ನೋಕೆ ಇಷ್ಟ ಇಲ್ವಾ?"

"ಹಾಗಲ್ಲ..."

"ಮತ್ತೆ ಹೇಗೆ?"

ಅವಳು ಮಾತು ಬದಲಿಸುತ್ತಿದ್ದಳು. ರೋಡೆಲ್‌ಗೆ ತಲೆಬುಡ ತಿಳಿಯುತ್ತಿರಲಿಲ್ಲ. ಕೈ ಹಿಡಿದರೆ ಬಿಡಿಸಿಕೊಳ್ಳದ ಹುಡುಗಿ, ಒಂದು ತಟ್ಟೆ ಅನ್ನದ ಮುಂದೆ ಯಾಕೆ ಓಡಿಹೋಗುತ್ತಾಳೆ? ತನ್ನ ಕೈಯ ಮರದ ಪುಡಿ ಕಂಡರೆ ಅಸಹ್ಯವೇ? ಅವನು ಉಗುರು ತಿಕ್ಕಿ ತಿಕ್ಕಿ ತೊಳೆಯತೊಡಗಿದ.

ಜೊವೆಲಿನ್‌ಳ ಕಥೆಯೂ ಅಷ್ಟೇ ಗೋಜಲು. ಹೇಳಿಬಿಡಲೇ? ಇವನು ಇಷ್ಟಪಟ್ಟಿರುವುದು ಈಗಿನ ನನ್ನನ್ನು. ಇದು ಡಾಕ್ಟರು ಕತ್ತರಿಸಿ ಮಾಡಿದ ಮೈ ಎಂದು ಗೊತ್ತಾದರೆ ಮೋಸ ಮಾಡಿದಳು ಅನ್ನುವುದಿಲ್ಲವೇ? ಹೇಳದೆ ಮದುವೆಯಾದರೆ ಅದು ಮೋಸವಲ್ಲದೆ ಇನ್ನೇನು? ಹೀಗೆ ಯೋಚಿಸಿ ಯೋಚಿಸಿ ಅವಳಿಗೆ ನಿದ್ದೆಯೂ ಕೆಟ್ಟಿತು.

ಅಷ್ಟರಲ್ಲಿ ಇಮಾಳ ಅರುವತ್ತನೆಯ ಹುಟ್ಟುಹಬ್ಬ ಬಂತು.

"ಇಮಾ ನಿನ್ನ ನೋಡ್ಬೇಕಂತೆ," ಎಂದ ರೋಡೆಲ್. "ಅವತ್ತು ಮಾತ್ರ ತಿಂದು ಬಂದೆ ಅನ್ಬೇಡ ಮಾರಾಯ್ತಿ. ನಿನ್ನ ಕಾಲಿಗೆ ಬೀಳ್ತೀನಿ."

ಸಂಜೆಯ ಬಿಸಿಲು ಇನ್ನೂ ಇತ್ತು. ಅಂಗಳದ ಉದ್ದನೆಯ ಮೇಜಿನ ಸುತ್ತ ಹದಿನೈದು ಜನ. ಹಿರಿಯರ ಕೈಯನ್ನು ಹಣೆಗೆ ಒತ್ತಿಕೊಂಡು ನಮಸ್ಕರಿಸಿ ಜೊವೆಲಿನ್ ಕುಳಿತಳು. ಹೆಚ್ಚು ತಿನ್ನುವ ಮಾವನನ್ನು ಕಣ್ಣಲ್ಲೇ ಹುಡುಕಿದಳು. ಆದರೆ ಇಮಾ ಅವಳನ್ನು ತನ್ನ ಎದುರಿಗೇ ಕೂರಿಸಿಕೊಂಡಳು.

"ತಿನ್ನು ಮಗಳೇ. ಇದು ನಿನಗೋಸ್ಕರ ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದ್ದು."

ತಟ್ಟೆಗೆ ಬಿದ್ದದ್ದು ಅರಿಶಿನ, ತೆಂಗಿನ ಹಾಲು ಹಾಕಿ ಬೇಯಿಸಿದ ಅಂಟು ಅನ್ನ, ಕಡಲೆಕಾಯಿ ಗೊಜ್ಜಿನಲ್ಲಿ ಬೆಂದ ಬಾಲದ ಮಾಂಸ, ಎರಡು ಸುರುಳಿ. ಗುಡ್ಡವೇ ಸರಿ. ಜೊವೆಲಿನ್ ಮಾಂಸ ತಿಂದಳು, ಅಗಿದಳು, ನಕ್ಕಳು, ಅಗಿದಳು. ರುಚಿ ಎಷ್ಟಿತ್ತೆಂದರೆ ಅವಳಿಗೆ ಅಳು ಬರುವಂತಾಯಿತು. ಗುಡ್ಡ ಮಾತ್ರ ಕರಗಲಿಲ್ಲ.

ಎಲ್ಲರ ಊಟ ಮುಗಿಯಿತು. ಯಾರೂ ಏಳಲಿಲ್ಲ. ನೆಂಟರ ಹುಡುಗಿಯೊಬ್ಬಳು ತಟ್ಟೆ ಎತ್ತಲು ಹೋದಾಗ ರೋಡೆಲ್‌ನ ಚಿಕ್ಕಮ್ಮ ಲೆತಿಸಿಯಾ ಗದರಿದಳು.

"ಕೂತ್ಕೊಳೇ. ಮದುವೆ ಆಗ್ದಿರೋ ಹುಡುಗಿ ಇನ್ನೂ ಊಟ ಮಾಡ್ತಿದ್ದಾಳೆ, ಕಾಣ್ಸಲ್ವಾ? ಅವಳ ಮುಂದೆ ತಟ್ಟೆ ಎತ್ತಿದ್ರೆ ಜನ್ಮದಲ್ಲಿ ಅವಳಿಗೆ ಮದುವೆ ಆಗಲ್ಲ. ಇವಳ ಜೊತೆ ನಮ್ಮ ರೋಡೆಲ್ಲೂ ಹಾಗೇ ಉಳೀತಾನೆ."

ಎಲ್ಲರೂ ನಕ್ಕರು. ನಗುತ್ತಾ ಅವಳ ತಟ್ಟೆಯನ್ನೇ ನೋಡುತ್ತಾ ಕುಳಿತರು. ಹದಿನಾಲ್ಕು ಜೊತೆ ಕಣ್ಣು. ಟಿಶ್ಯೂ ಕಡೆ ಕೈ ಹೋಗುವಂತಿಲ್ಲ.

"ನಿಧಾನ ತಿನ್ನಮ್ಮ," ಎಂದಳು ಲೆತಿಸಿಯಾ. "ಅಕ್ಕನ ಅಡುಗೆ ಸೇರ್ತಿಲ್ವೇನೋ. ಈಗಿನ ಹುಡುಗೀರ ರುಚಿ ಬೇರೆ."

"ತುಂಬಾ... ಚೆನ್ನಾಗಿದೆ," ಎಂದು ಜೊವೆಲಿನ್ ಇನ್ನೊಂದು ತುತ್ತು ಬಾಯಿಗಿಟ್ಟಳು. ಬಿಕ್ಕಳಿಕೆ ಬಂತು. ಮತ್ತೊಂದು ತುತ್ತು. ಎದೆಯೊಳಗೆ ಕಲ್ಲು ಕೂತಿತು, ಬೆನ್ನೆಲ್ಲ ಬೆವರಿತು.

ಆಗ ಇಮಾ ಪಾಸಿತಾ ಎದ್ದಳು. ಮೇಜಿನ ಮೇಲಿಂದ ಬಾಗಿ, ಜೊವೆಲಿನ್‌ಳ ಚಮಚ ಗಾಳಿಯಲ್ಲಿ ಇರುವಾಗಲೇ, ಅವಳ ಮುಂದಿನ ತಟ್ಟೆಯನ್ನು ಎತ್ತಿಕೊಂಡಳು. ನೇರವಾಗಿ ಅಡುಗೆಮನೆಗೆ ನಡೆದಳು.

ಲೆತಿಸಿಯಾ ಶಿಲುಬೆ ಗುರುತು ಹಾಕಿಕೊಂಡಳು. ರೋಡೆಲ್‌ನ ಮುಖ ಬಿಳುಚಿತು.

"ಇಮಾ... ಏನ್ ಮಾಡ್ದೆ?"

ಇನ್ನೇನು ಹೇಳಬೇಕು? ಮಗನ ಹುಡುಗಿಯ ಮುಂದಿನ ತಟ್ಟೆಯನ್ನು ತಾಯಿಯೇ ಎತ್ತಿದಳು ಎಂದರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ. ಈ ಸಂಬಂಧ ಬೇಡ. ಜೊವೆಲಿನ್ ಚಮಚವನ್ನು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಟಳು. ರೋಡೆಲ್ ಬೀದಿಯ ತಿರುವಿನವರೆಗೆ ಓಡಿಬಂದ. ಅವಳು ತ್ರಿಚಕ್ರದ ಗಾಡಿ ಹತ್ತಿ ಹೋಗಿಯಾಗಿತ್ತು.

ಐದು ದಿನ ಅವಳು ಅವನ ಫೋನ್ ಎತ್ತಲಿಲ್ಲ. "ನಿಮ್ಮಮ್ಮ ಉತ್ತರ ಕೊಟ್ಟಾಯ್ತು. ಬಿಟ್ಬಿಡು" ಎಂದು ಒಂದು ಸಂದೇಶ ಮಾತ್ರ ಕಳಿಸಿದ್ದಳು. ಕಳಿಸಿ, ಸ್ನಾನದ ಮನೆಯ ನಲ್ಲಿ ಬಿಟ್ಟುಕೊಂಡು ಅತ್ತಳು. ಆ ಕಡೆ ತನ್ನ ಮನೆಯಲ್ಲಿ ರೋಡೆಲ್ ತಾಯಿಯೊಂದಿಗೆ ಮಾತು ಬಿಟ್ಟಿದ್ದ. ತಾನು ಯಾಕೆ ಹಾಗೆ ಮಾಡಿದೆ ಎಂದು ಇಮಾ ಯಾರಿಗೂ ಬಾಯಿಬಿಡಲಿಲ್ಲ.

ಆರನೆಯ ದಿನ ಬೆಳಿಗ್ಗೆ ಕನ್ನಡಕದ ಅಂಗಡಿಯ ಬಾಗಿಲು ತೆರೆಯಿತು. ಒಳಗೆ ಬಂದದ್ದು ಇಮಾ ಪಾಸಿತಾ.

ಜೊವೆಲಿನ್‌ಳ ಕೈಯಲ್ಲಿದ್ದ ಒರೆಸುವ ಬಟ್ಟೆ ಕೆಳಗೆ ಬಿತ್ತು.

"ಕಣ್ಣು ಪರೀಕ್ಷೆ ಮಾಡಿಸ್ಬೇಕು," ಎಂದಳು ಇಮಾ, ಅಂಗಡಿಯ ಒಡತಿಗೂ ಕೇಳುವಂತೆ.

ಒಳಕೋಣೆಯಲ್ಲಿ ಇಮಾಳನ್ನು ಕುರ್ಚಿಯಲ್ಲಿ ಕೂರಿಸಿ, ಜೊವೆಲಿನ್ ಗೋಡೆಯ ಅಕ್ಷರಗಳಿಗೆ ಕೋಲು ತೋರಿಸಿದಳು.

"ಕೊನೇ ಸಾಲು ಓದಿ ಇಮಾ."

"ಎಲ್ಲ ಕಾಣತ್ತೆ ನಂಗೆ. ಅವತ್ತು ನಿನ್ನ ತುಟಿ ಬೆಳ್ಳಗಾಗಿದ್ದೂ ಕಂಡಿತ್ತು."

ಜೊವೆಲಿನ್ ಕೋಲನ್ನು ಕೆಳಗಿಟ್ಟಳು.

"ಮೂವತ್ತೈದು ವರ್ಷದಿಂದ ಜನ ತಿನ್ನೋದನ್ನ ನೋಡ್ತಿದೀನಿ ಮಗಳೇ. ಸೇರದೆ ಬಿಡೋರೂ ಗೊತ್ತು, ಆಗದೆ ಬಿಡೋರೂ ಗೊತ್ತು. ನೀನು ಒಂದು ಸಲ ಬಿಕ್ಕಳಿಸಿದೆ. ಆಮೇಲೂ ತುತ್ತು ಎತ್ತಿದೆ, ನಮ್ಮ ಮರ್ಯಾದೆಗೋಸ್ಕರ. ನಂಗೆ ನೋಡೋಕಾಗ್ಲಿಲ್ಲ."

"ಮತ್ತೆ... ಆ ಶಕುನ? ನೀವು ಅದನ್ನ ನಂಬಲ್ವಾ?"

"ನಂಬಲ್ಲ ಅಂತ ಯಾರು ಹೇಳಿದ್ದು? ಚೆನ್ನಾಗಿ ನಂಬ್ತೀನಿ." ಇಮಾಳ ದನಿ ಒಡೆಯಿತು. "ಎರಡು ಸಲ ಕೈ ಮುಂದೆ ಮಾಡಿ ಹಿಂದೆ ತಗೊಂಡೆ. ನನ್ನ ಮಗನ ಮದುವೆ ನಿಂತೇ ಹೋಗತ್ತೇನೋ ಅಂತ ಎದೆ ಹೊಡ್ಕೊಳ್ತಿತ್ತು. ಆಮೇಲೆ ಅಂದ್ಕೊಂಡೆ, ಹೋದ್ರೆ ಹೋಗ್ಲಿ, ಯಾರೋ ಹೆತ್ತ ಮಗು ನನ್ನ ಮೇಜಿನ ಮುಂದೆ ಸಂಕಟ ಪಡಬಾರ್ದು. ಐದು ದಿನದಿಂದ ಚರ್ಚಲ್ಲಿ ಮೇಣದಬತ್ತಿ ಹಚ್ತಾ ಇದೀನಿ."

"ಮನೇಲಿ ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದನ್ನ ನಾನು ಹೇಗೆ ಹೇಳ್ಲಿ?"

ಜೊವೆಲಿನ್ ಅಲ್ಲೇ ನೆಲದ ಮೇಲೆ ಕುಸಿದು, ಇಮಾಳ ಮಡಿಲಲ್ಲಿ ಮುಖವಿಟ್ಟು ಅತ್ತಳು. ಅಳುತ್ತಾ ಎಲ್ಲವನ್ನೂ ಹೇಳಿದಳು. ತೂಕ, ಮನಿಲಾ, ಕತ್ತರಿಸಿದ ಹೊಟ್ಟೆ, ಕೈಚೀಲ, ಇಲ್ಲದ ನಾಯಿ. ನಾಯಿಯ ವಿಷಯ ಬಂದಾಗ ಇಮಾಳ ಮಡಿಲು ಕುಲುಕಿತು. ಮುದುಕಿ ನಗುತ್ತಿದ್ದಳು.

"ಎಂಟು ತಿಂಗಳು ಮೂಳೆ ತೆಗೆದಿಟ್ಟಿದ್ದು ನಾನು ಕಣೇ."

"ಇಮಾ, ಮದುವೆ ನಡೆದ್ರೂ ಅವತ್ತಿನ ಊಟದ ಹೊತ್ತಿಗೆ ನಾಲ್ಕು ನೂರು ಜನ ನನ್ನೇ ನೋಡ್ತಾರಲ್ಲ..."

"ಹುಚ್ಚಿ. ಇಷ್ಟು ವರ್ಷದಲ್ಲಿ ತನ್ನ ಮದುವೆ ಊಟ ಉಂಡ ಒಬ್ಬ ಮದುಮಗಳನ್ನೂ ನಾನು ನೋಡಿಲ್ಲ. ಮೇಜಿಂದ ಮೇಜಿಗೆ ನಗ್ತಾ ಓಡಾಡೋದ್ರಲ್ಲೇ ಎಲ್ಲರದ್ದೂ ಮುಗಿಯತ್ತೆ." ಇಮಾ ಅವಳ ಕಣ್ಣು ಒರೆಸಿದಳು. "ಅವನಿಗೆ ಮಾತ್ರ ನೀನೇ ಹೇಳ್ಬೇಕು. ನಾನು ಹೇಳಲ್ಲ."

ಮಧ್ಯಾಹ್ನ ಬೆತಿಸ್‌ನ ಮರಗೆಲಸದ ಕೊಟ್ಟಿಗೆಯಲ್ಲಿ ರೋಡೆಲ್ ಕುರ್ಚಿಯ ಬೆನ್ನಿಗೆ ಬಳ್ಳಿ ಕೆತ್ತುತ್ತಿದ್ದ. ಜೊವೆಲಿನ್ ಬಂದು ನಿಂತಾಗ ಉಳಿ ಜಾರಿತು. ಅವಳು ಫೋನಿನಲ್ಲಿದ್ದ ಹಳೆಯ ಫೋಟೋ ತೆಗೆದು ಅವನ ಮುಂದೆ ಹಿಡಿದಳು.

"ಇದು ಯಾರು?"

"ನಾನು."

ಅವನು ನೋಡಿದ. ಅವಳನ್ನು ನೋಡಿದ. ಮತ್ತೆ ಫೋಟೋ ನೋಡಿದ. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದಳು. ಅವನು ಜಾರಿದ ಉಳಿಯನ್ನು ಎತ್ತಿ ಪಕ್ಕಕ್ಕಿಟ್ಟ.

"ಏನಾದ್ರೂ ಹೇಳು ರೋಡೆಲ್. ಮೋಸಗಾತಿ ಅನ್ನು, ಪರವಾಗಿಲ್ಲ."

"ನಾಯಿನೂ ಇಲ್ವಾ?"

"...ಇಲ್ಲ."

"ನಿನ್ನ ಹುಟ್ಟುಹಬ್ಬಕ್ಕೆ ಕೊಡೋಣ ಅಂತ ಅದಕ್ಕೆ ಮರದ ಬಟ್ಟಲು ಕೆತ್ತಿದೀನಲ್ಲೇ." ಅವನ ಕಣ್ಣು ತುಂಬಿತ್ತು. "ಎಂಟು ತಿಂಗಳು... ನನ್ನ ಜೊತೆ ಕೂತು ಉಣ್ಣೋಕೆ ನಿಂಗೆ ಅಸಹ್ಯ ಅಂದ್ಕೊಂಡಿದ್ದೆ. ಉಗುರು ತೊಳೆದೂ ತೊಳೆದೂ ರಕ್ತ ಬರೋದು."

ಜೊವೆಲಿನ್ ಅವನ ಕೈ ಹಿಡಿದು ನೋಡಿದಳು. ಉಗುರಿನ ಬುಡವೆಲ್ಲ ಕೆಂಪಾಗಿತ್ತು. ತನ್ನ ಗುಟ್ಟು ತನ್ನೊಬ್ಬಳನ್ನೇ ನೋಯಿಸುತ್ತಿದೆ ಎಂದುಕೊಂಡಿದ್ದಳಲ್ಲ.

"ನಾನು ದಪ್ಪ ಇದ್ದಾಗ ಸಿಕ್ಕಿದ್ರೆ ನೀನು ಹಿಂದೆ ಬರ್ತಿದ್ಯಾ?"

ಅವನು ಸುಳ್ಳು ಹೇಳಲಿಲ್ಲ.

"ಗೊತ್ತಿಲ್ಲ ಕಣೇ. ಆದ್ರೆ ಈಗ ಫೋಟೋ ನೋಡ್ದಾಗ, ಇವಳು ಇಷ್ಟು ನಗ್ತಾಳೆ, ಇವಳನ್ನ ಯಾಕೆ ಮುಚ್ಚಿಟ್ಟಿದ್ದಾಳೆ ಅಂತ ಬೇಜಾರಾಯ್ತು. ನಂಗೆ ಇಬ್ಬರೂ ಬೇಕು."

ಅಲ್ಲಿಗೆ ಅವಳ ಅಳುಕೆಲ್ಲ ಕರಗಿತು. ಮರದ ಪುಡಿಯ ಅಂಗಿಗೆ ಹಣೆ ಒತ್ತಿ ನಿಂತಳು. ಆಚೆ ಕೆತ್ತುತ್ತಿದ್ದ ಮುದುಕರು ಕೆಮ್ಮಿ ಮುಖ ತಿರುಗಿಸಿಕೊಂಡರು.

ರೋಡೆಲ್ ತನ್ನ ಬುತ್ತಿ ಬಿಚ್ಚಿದ. ಅನ್ನ, ಹುರಿದ ಒಣಮೀನು, ಟೊಮೆಟೊ. ಮೀನಿನ ಮುಳ್ಳು ಬಿಡಿಸಿ, ಒಂದು ಸಣ್ಣ ತುಂಡನ್ನು ಅವಳ ಕೈಗಿಟ್ಟ.

"ಇಷ್ಟು ಸಾಕಾ?"

"ಸಾಕು."

"ತಿನ್ನುವಾಗ ನೋವಾಗತ್ತಾ?"

"ಇಷ್ಟೇ ತಿಂದ್ರೆ ಆಗಲ್ಲ. ಯಾರಾದ್ರೂ ನೋಡ್ತಾ ಕೂತ್ರೆ ಆಗತ್ತೆ."

ಅವನು ತಕ್ಷಣ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಕುಳಿತ. ಜೊವೆಲಿನ್ ನಿಧಾನವಾಗಿ ಅಗಿಯತೊಡಗಿದಳು. ಅರ್ಧ ಅಗಿದು, ಅವನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿದಳು.

"ಏನು?" ಎಂದ ಅವನು, ಕಣ್ಣು ಮುಚ್ಚಿಕೊಂಡೇ.

"ನೀನು ನೋಡ್ಬಹುದು."