ಮೂರನೇ ಹಗ್ಗದ ಗೀಟುಗಳು

ಹದಿನಾಲ್ಕನೇ ತಾರೀಖು, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಬಂದರು ಠಾಣೆಗೆ ದೂರು ಬಂತು. ತಂದವರು ಧಕ್ಕೆಯಲ್ಲಿ ನಿಂತಿದ್ದ ವಿಮಾನವಾಹಕ ಹಡಗಿನ ಡೆಕ್ ಅಧಿಕಾರಿ. ಇಳಿಯುವ ಜೆಟ್ಟುಗಳನ್ನು ಹಿಡಿದು ನಿಲ್ಲಿಸಲು ಡೆಕ್ಕಿಗೆ ಅಡ್ಡಲಾಗಿ ನಾಲ್ಕು ಉಕ್ಕಿನ ಹಗ್ಗಗಳಿರುತ್ತವೆ. ಅವುಗಳಲ್ಲಿ ಮೂರನೆಯದನ್ನು ಯಾರೋ ಕತ್ತರಿಸಿದ್ದರು.

“ಒಂದು ಹಗ್ಗ ತಾನೇ ಸಾರ್, ಬೇರೆ ಕಟ್ಕೊಂಡ್ರಾಯ್ತು,” ಎಂದರು ದಫೇದಾರರು. ಅವರ ಪ್ರಕಾರ ಜಗತ್ತಿನ ಅರ್ಧ ದೂರುಗಳನ್ನು ಒಂದು ಲೋಟ ಚಹಾದಲ್ಲಿ ಮುಗಿಸಬಹುದಿತ್ತು.

“ಕಟ್ತೀವಿ. ಆದ್ರೆ ಅವನು ಇನ್ನೇನೇನು ಕೆಡಿಸಿದಾನೋ ಯಾರಿಗ್ಗೊತ್ತು? ಗುರುವಾರ ಬೆಳಿಗ್ಗೆ ನಡುಸಮುದ್ರದಲ್ಲಿ ಹನ್ನೆರಡು ಪೈಲಟ್‌ಗಳು ಆ ಡೆಕ್ ಮೇಲೆ ಇಳೀಬೇಕು. ಯಾರು, ಯಾಕೆ ಅಂತ ಗೊತ್ತಾಗೋ ತನಕ ನಾನು ಒಬ್ಬರನ್ನೂ ಇಳಿಸಲ್ಲ.”

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ ಟೋಪಿ ಎತ್ತಿಕೊಂಡರು. ಹದಿನಾಲ್ಕು ವರ್ಷ ಬಂದರಿನಲ್ಲೇ ದುಡಿದರೂ ಆಕೆಗೆ ಹಡಗು ಹತ್ತಿದರೆ ತಲೆ ಸುತ್ತುತ್ತಿತ್ತು. ದಫೇದಾರರಿಗೆ ಅದು ಗೊತ್ತಿತ್ತು. ಕೇಳದೆಯೇ ಜೇಬಿಗೆ ನಿಂಬೆಹಣ್ಣು ಹಾಕಿಕೊಂಡು ಹೊರಟರು.

ಡೆಕ್ಕಿನ ಮೇಲೆ ಬಿಸಿಲು ಕಬ್ಬಿಣಕ್ಕೆ ಬಡಿದು ಮುಖಕ್ಕೆ ರಾಚುತ್ತಿತ್ತು. ಅಧಿಕಾರಿ ನಡೆಯುತ್ತಲೇ ವಿವರಿಸಿದರು. ಜೆಟ್ಟಿನ ಬಾಲದಲ್ಲಿ ಕೊಕ್ಕೆ ಇರುತ್ತದೆ, ಅದು ಈ ಹಗ್ಗಕ್ಕೆ ಸಿಕ್ಕಿಕೊಳ್ಳಬೇಕು. ಪೈಲಟ್‌ಗಳೆಲ್ಲ ಗುರಿ ಇಡುವುದು ಮೂರನೇ ಹಗ್ಗಕ್ಕೇ. ಚಕ್ರ ನೆಲ ಮುಟ್ಟಿದ ಕ್ಷಣ ಎಂಜಿನ್ನಿಗೆ ಪೂರ್ತಿ ಬಲ ಕೊಡುತ್ತಾರೆ.

“ನಿಲ್ಲೋ ಹೊತ್ತಲ್ಲಿ ವೇಗಾನಾ?”

“ಕೊಕ್ಕೆ ತಪ್ಪಿದ್ರೆ ಮತ್ತೆ ಮೇಲೇಳಬೇಕಲ್ಲ ಮೇಡಂ.”

“ಕೊಕ್ಕೆ ಸಿಕ್ಕಿ, ಹಗ್ಗ ಕಿತ್ತೋದ್ರೆ?”

ಅಧಿಕಾರಿ ನೀರಿನ ಕಡೆ ನೋಡಿದರು. “ಹಾರೋಕೆ ವೇಗ ಇರಲ್ಲ, ನಿಲ್ಲೋಕೆ ಜಾಗ ಇರಲ್ಲ.”

ನಾಲ್ಕೂ ಇಪ್ಪತ್ತೈದಕ್ಕೆ ಪಂಚನಾಮೆ ಶುರುವಾಯಿತು. ಪಂಚರಾಗಿ ಹಡಗಿನ ಒಬ್ಬ ಅಡುಗೆಯವನನ್ನೂ ಒಬ್ಬ ಬಣ್ಣ ಬಳಿಯುವವನನ್ನೂ ಕರೆದರು. ಮುಂಗೈ ದಪ್ಪದ ಹಗ್ಗ ನಟ್ಟನಡುವೆ ನೇರವಾಗಿ ತುಂಡಾಗಿತ್ತು. ಕುಯ್ದ ಜಾಗದ ಎರಡೂ ಬದಿಗೆ ಸಣ್ಣ ತಂತಿಯನ್ನು ಏಳೇಳು ಸುತ್ತು ಬಿಗಿದು ಕಟ್ಟಲಾಗಿತ್ತು. ಜೊತೆಗೆ, ಯಾರ ಕಣ್ಣಿಗೂ ತಪ್ಪದಂತೆ ಒಂದು ಕೆಂಪು ಬಟ್ಟೆ ಕಟ್ಟಿತ್ತು.

“ಎಂಥಾ ಅಚ್ಚುಕಟ್ಟು ಕಳ್ಳ ಮೇಡಂ! ಕನ್ನ ಹಾಕಿ, ಗೋಡೆಗೆ ಸುಣ್ಣ ಬಳಿದು ಹೋದ ಹಾಗಿದೆ,” ಎಂದರು ದಫೇದಾರರು.

ಇನ್ಸ್‌ಪೆಕ್ಟರ್ ನಗಲಿಲ್ಲ. “ಈ ಸುತ್ತು ಯಾಕೆ?” ಎಂದು ಅಧಿಕಾರಿಯನ್ನು ಕೇಳಿದರು.

“ಹಾಗೇ ಕುಯ್ದ್ರೆ ಎಳೆಗಳು ಸಿಡಿದು ಬಿಚ್ಕೊಳ್ತವೆ, ಮುಟ್ಟಿದವರ ಕೈ ಸೀಳುತ್ತೆ. ಹಗ್ಗದ ಕೋಣೆಯವರು ಯಾವಾಗ್ಲೂ ಕಟ್ಟೇ ಕುಯ್ಯೋದು.” ಹೇಳಿ ಮುಗಿಸುವಷ್ಟರಲ್ಲಿ ಅಧಿಕಾರಿಯ ದನಿ ಇಳಿಯಿತು.

“ಆ ಕೋಣೆಯಲ್ಲಿ ಎಷ್ಟು ಜನ?”

“ನಾಲ್ವರು. ಮೂವರು ರಜೆ ಮೇಲಿದ್ದಾರೆ. ಇರೋದು ಆ ಕೋಣೆಯ ಯಜಮಾನ್ರು ಒಬ್ರೇ. ಅವರಂತೂ ಅಲ್ಲ ಮೇಡಂ. ಮೂವತ್ತೊಂದು ವರ್ಷದ ಸರ್ವೀಸು, ಒಂದು ಕಪ್ಪು ಚುಕ್ಕೆ ಇಲ್ಲ. ಅವರ ಗೀಟು ಅಂದ್ರೆ ನಮಗೆ ಕೋರ್ಟಿನ ತೀರ್ಪು ಇದ್ದ ಹಾಗೆ.”

“ಯಾವ ಗೀಟು?”

ಹಗ್ಗದ ಕೋಣೆ ಡೆಕ್ಕಿನ ಕೆಳಗಿತ್ತು. ಎಣ್ಣೆಯ ವಾಸನೆ, ಗೋಡೆಯುದ್ದಕ್ಕೂ ಸಾಲಾಗಿ ನೇತುಹಾಕಿದ ಹತಾರಗಳು. ಎದುರಿಗೆ ಒಂದು ಕಪ್ಪು ಹಲಗೆ, ಅದರ ಮೇಲೆ ನಾಲ್ಕು ಹಗ್ಗಕ್ಕೆ ನಾಲ್ಕು ಸಾಲು. ಯಾವ ಹಗ್ಗ ಜೆಟ್ಟನ್ನು ಹಿಡಿಯಿತೋ ಆ ಸಾಲಿಗೆ ಸೀಮೆಸುಣ್ಣದಲ್ಲಿ ಒಂದು ಗೀಟು. ನೂರು ತುಂಬಿದರೆ, ನೋಡಲು ಹೊಸದರಂತಿದ್ದರೂ, ಹಗ್ಗ ಗುಜರಿಗೆ.

ಇನ್ಸ್‌ಪೆಕ್ಟರ್ ಹಲಗೆಯ ಮುಂದೆ ಐದು ನಿಮಿಷ ನಿಂತರು. ಒಂದನೇ ಸಾಲು ಖಾಲಿ. ಎರಡನೇ, ನಾಲ್ಕನೇ ಸಾಲಿನ ಗೀಟುಗಳಲ್ಲಿ ಕೆಲವು ದಪ್ಪ, ಕೆಲವು ಸಣ್ಣ, ಕೆಲವು ಅವಸರಕ್ಕೆ ಓರೆ. ಮೂರನೇ ಸಾಲಿನಲ್ಲಿ ಅರವತ್ತೊಂದು ಗೀಟು, ಎಲ್ಲವೂ ಒಂದೇ ಎತ್ತರ, ಒಂದೇ ಬಿಳುಪು.

ಮೂಲೆಯ ಸ್ಟೂಲಿನ ಮೇಲೆ ಹಗ್ಗದ ಯಜಮಾನರು ಕೂತಿದ್ದರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೇನೋ ಎಂದು ದಫೇದಾರರು ಕಣ್ಣಿಟ್ಟು ಕಾದರು. ಯಜಮಾನರು ಅಲುಗಲಿಲ್ಲ. ಸಂಜೆ ಆರೂ ಐದಕ್ಕೆ ವಿಚಾರಣೆ ಶುರುವಾಯಿತು.

“ಯಜಮಾನ್ರೇ, ಮಧ್ಯಾಹ್ನ ಒಂದರಿಂದ ಎರಡರ ತನಕ ಎಲ್ಲಿದ್ರಿ?”

“ಹಡಗಲ್ಲೇ.”

“ಎಲ್ರೂ ಊಟಕ್ಕೆ ಹೋಗಿದ್ರಲ್ಲ.”

“ಹಸಿವಿರಲಿಲ್ಲ.”

“ಈ ಮೂರನೇ ಸಾಲು ಎಷ್ಟು ದಿನದ್ದು?”

“ಐದು ವಾರದ್ದು.”

“ಐದು ವಾರಾನೂ ಒಂದೇ ಸೀಮೆಸುಣ್ಣಾನಾ?”

ಯಜಮಾನರು ಹಲಗೆ ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು.

“ಶನಿವಾರ ಒಂದನೇ ಹಗ್ಗ ಹೊಸದು ಹಾಕಿದ್ವಿ,” ಎಂದರು ಮೆಲ್ಲಗೆ. “ಹೊಸದು ಹಾಕಿದ್ಮೇಲೆ ಹಳೇದರ ಸಾಲು ಒರೆಸ್ಬೇಕು. ಬಟ್ಟೆ ತಗೊಂಡೆ, ಒರೆಸ್ದೆ. ನೋಡ್ತೀನಿ, ಒರೆಸಿದ್ದು ಮೂರನೇದು. ಮತ್ತೆ ನೆನಪಿಂದ ಬರೆದೆ, ಅರವತ್ತೊಂದು ಅಂತ. ಮಲಗಿದ್ರೆ ಎಂಬತ್ತೊಂದೇನೋ ಅನ್ನಿಸ್ತು. ಎದ್ರೆ ನೂರು ದಾಟಿತ್ತೇನೋ ಅನ್ನಿಸ್ತು.”

“ಬೇರೆ ಲೆಕ್ಕ ಇಲ್ವಾ?”

ಉತ್ತರ ಕೊಟ್ಟವರು ಅಧಿಕಾರಿ. “ಪುಸ್ತಕಕ್ಕೆ ಹಗ್ಗ ತೆಗೆದ ಮೇಲೇ ಈ ಹಲಗೆ ನೋಡಿ ಇಳಿಸ್ಕೊಳ್ಳೋದು. ಜೆಟ್ ಎಷ್ಟು ಸಲ ಇಳೀತು ಅಂತ ಪೈಲಟ್ ಹೇಳ್ತಾರೆ. ಯಾವ ಹಗ್ಗ ಹಿಡೀತು ಅನ್ನೋದು ಇಲ್ಲಿ ಮಾತ್ರ.” ಆಮೇಲೆ ಯಜಮಾನರ ಕಡೆ ತಿರುಗಿದರು. “ಅಲ್ಲಾ, ನನಗೆ ಒಂದು ಮಾತು ಹೇಳಿದ್ರೆ ಹಗ್ಗ ಬದಲಾಯಿಸ್ತಿದ್ವಲ್ಲ! ಎಷ್ಟು ಹೊತ್ತಿನ ಕೆಲಸ ಅದು?”

“ಹದಿನೆಂಟು ವರ್ಷದ ಹಿಂದೆ ನನ್ನ ತಮ್ಮ ಇದೇ ಕೋಣೇಲಿದ್ದ. ಒಂದು ಗೀಟು ಮರೆತ. ಒಂದೇ ಒಂದು. ಅಣ್ಣಾ, ಹೇಳ್ಬೇಡ, ನಾನೇ ಸರಿಮಾಡ್ತೀನಿ ಅಂದ. ನಾನು ಹೋಗಿ ದೂರು ಕೊಟ್ಟೆ. ಕೆಲಸ ಹೋಯ್ತು. ಅವತ್ತಿಂದ ಅವನು ನಮ್ಮನೆ ಹೊಸಿಲು ತುಳಿದಿಲ್ಲ. ಈಗ ನಾನು ಒಂದು ಸಾಲನ್ನೇ ಒರೆಸಿದೀನಿ. ಯಾವ ಬಾಯಲ್ಲಿ ಹೇಳ್ಲಿ? ಕುಯ್ದ್ರೆ ಹೊಸದು ಹಾಕ್ತಾರೆ. ಪೈಲಟ್ ಮಕ್ಕಳು ಬದುಕ್ತಾರೆ, ಗೀಟಿನ ಸುದ್ದಿ ಯಾರೂ ಎತ್ತಲ್ಲ ಅಂದ್ಕೊಂಡೆ.”

“ಉಳಿದ ಮೂರು ಹಗ್ಗ?”

“ಕೆಟ್ಟ ಉದ್ದೇಶದಿಂದ ಮುಟ್ಟಿಲ್ಲ. ಆದ್ರೂ ನನ್ನ ಮಾತು ನಂಬಬೇಡಿ. ನಾಲ್ಕೂ ಹೊಸದು ಹಾಕ್ಸಿ.”

ಅಧಿಕಾರಿ ಹಾಗೆಯೇ ಆದೇಶ ಕೊಟ್ಟರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ದಫೇದಾರರ ನಾಲಿಗೆಯ ತುದಿಗೆ ಬಂದಿತ್ತು. ಮುದುಕನ ಮುಖ ನೋಡಿ ನುಂಗಿಕೊಂಡರು.

ಏಳೂ ಇಪ್ಪತ್ತಕ್ಕೆ ದಸ್ತಗಿರಿ. ಠಾಣೆಗೆ ಬಂದ ಮೇಲೆ, ನಿಯಮದಂತೆ ಹತ್ತಿರದ ಸಂಬಂಧಿಗೆ ತಿಳಿಸಬೇಕಿತ್ತು.

“ನನಗಿರೋದು ಅವನೊಬ್ನೇ,” ಎಂದು ಯಜಮಾನರು ತಮ್ಮನ ನಂಬರನ್ನು ತಡವರಿಸದೆ ಹೇಳಿದರು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಅದಕ್ಕೆ ಫೋನ್ ಮಾಡಿರಲಿಲ್ಲ.

ಇನ್ಸ್‌ಪೆಕ್ಟರ್ ವಿಷಯ ತಿಳಿಸಿದರು. ತಮ್ಮ ನಗುತ್ತಾನೆ, ಇಲ್ಲವೇ ಫೋನ್ ಕುಕ್ಕುತ್ತಾನೆ ಎಂದುಕೊಂಡರು ಆಕೆ.

“ಸಾಲು ಒರೆಸಿದ್ಮೇಲೆ ಆ ಹಗ್ಗದ ಮೇಲೆ ಜೆಟ್ ಯಾವ್ದಾದ್ರೂ ಇಳೀತಾ ಮೇಡಂ?”

“ಇಲ್ಲ. ಅವರು ಬಿಡಲಿಲ್ಲ.”

“ಹಾಗಾದ್ರೆ ಸರಿ. ಜಾಮೀನಿಗೆ ಏನೇನು ಕಾಗದ ತರಬೇಕು, ಹೇಳಿ.”

ಫೋನಿಟ್ಟ ಮೇಲೆ ಬೆಂಚಿನಿಂದ ಯಜಮಾನರು ಕೇಳಿದರು: “ಬೈದ್ನಾ?”

“ಇಲ್ಲ ಯಜಮಾನ್ರೇ. ಬರ್ತಿದಾರೆ.”

ವಿಚಾರಣೆ ಶುರುವಾದಾಗಿನಿಂದ ಒಂದು ಹನಿ ಕಣ್ಣೀರು ಹಾಕದವರು ಆಗ ಅತ್ತರು. ದಫೇದಾರರು ಡೈರಿಯಲ್ಲಿ ಹೊತ್ತು ಬರೆದು, ಲೋಟಕ್ಕೆ ಚಹಾ ಸುರಿದು ಅವರ ಮುಂದಿಟ್ಟರು.